ಕಬ್ಬಿಣದ ಸವತಿ

ಗುಜರಿಗೆ ಹೋಗಬೇಕಿದ್ದ ಹಳೇ ಸ್ಟೀಲ್ ಬೋಟೊಂದನ್ನು ಗಂಡ ಕೊಂಡುಕೊಂಡ ದಿನದಿಂದ ವಾರಿಜಳ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗಿತ್ತು. ಕೆಲಸದಿಂದ ಬಂದವನು ನಿಂತಲ್ಲೇ ಚಹಾ ಕುಡಿದು, ಬೋಟು ಕಟ್ಟಿದ್ದ ದಕ್ಕೆಗೆ ಓಡುತ್ತಿದ್ದ. ತುಕ್ಕು ಉಜ್ಜುವುದು, ಒಳಗೆ ಹಲಗೆ ಹೊಡೆಯುವುದು, ಬಣ್ಣ ಬಳಿಯುವುದು ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಅಡುಗೆಮನೆಯ ಕಪಾಟು ಜೋತುಬಿದ್ದು ವರ್ಷವಾದರೂ ಅತ್ತ ತಿರುಗಿ ನೋಡಿದವನಲ್ಲ.

“ನಿನ್ನ ಸವತಿಗೆ ಇವತ್ತು ಎಂಥ ಬಣ್ಣ ಮಾರಾಯ್ತಿ?” ಎಂದು ಪಕ್ಕದ ಮನೆಯವಳು ಬೇರೆ ಕಿಚಾಯಿಸುತ್ತಿದ್ದಳು.

ಒಂದು ಭಾನುವಾರ ವಾರಿಜ ಮಕ್ಕಳಿಬ್ಬರನ್ನೂ ಎಳೆದುಕೊಂಡು ದಕ್ಕೆಗೇ ಹೋದಳು.

“ನಾನು ಬೇಕೋ ಈ ಬೋಟು ಬೇಕೋ, ಇವತ್ತು ಹೇಳಿಬಿಡಿ.”

“ಮೊದಲು ಒಳಗೆ ಹೋಗಿ ನೋಡು. ಆಮೇಲೆ ಬೈ.”

ಮಕ್ಕಳನ್ನು ಅವನ ಕೈಗೆ ಕೊಟ್ಟು ಅವಳು ಕ್ಯಾಬಿನ್ನಿಗೆ ಇಳಿದಳು. ಕಾಲು ಚಾಚಿ ಮಲಗುವಷ್ಟು ಉದ್ದದ ಮಂಚ, ತಲೆಯ ಹತ್ತಿರ ದುಂಡು ಕಿಟಕಿ, ಮೂಲೆಯಲ್ಲಿ ಒಂದೇ ಪಾತ್ರೆ ಇಡಬಹುದಾದ ಒಲೆ. ಮೇಲೆ ಮಕ್ಕಳು ಜಗಳವಾಡುವ ಸದ್ದು ದಪ್ಪ ತಗಡನ್ನು ದಾಟಿ ಎಲ್ಲೋ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು. ಅವಳು ಮಂಚದ ಮೇಲೆ ಕುಳಿತಳು. ಎದ್ದು ಚಿಲಕ ಹಾಕಿ ಬಂದು ಮಲಗಿದಳು.

“ಹೇಗುಂಟು?” ಗಂಡ ಮೇಲಿನಿಂದ ಕೇಳಿದ.

ಅವಳು ಕಿಟಕಿಯತ್ತ ಮಗ್ಗುಲು ಬದಲಿಸಿದಳು.

“ಇನ್ನೂ ಸಿಟ್ಟಾ? ಬೇಕಾದ್ರೆ ನಾಳೆಯೇ ಮಾರ್ತೇನೆ. ಬಾಗಿಲು ತೆಗಿ, ಮಕ್ಕಳಿಗೆ ಹಸಿವಂತೆ.”

“ಮನೆಗೆ ಕರ್ಕೊಂಡ್ಹೋಗಿ, ಸಾರು ಬಿಸಿ ಮಾಡಿ ಬಡಿಸಿ,” ಎಂದಿತು ಒಳಗಿನ ದನಿ, “ನಾನು ನಾಳೆ ಬರ್ತೇನೆ.”