ನೋಟಿನ ಕೆಮ್ಮು

ನಮ್ಮ ದ್ವೀಪದಲ್ಲಿ ನೋಟನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ, ಕಿವಿಗೆ ಹಿಡಿದು ಕೇಳುತ್ತಾರೆ. ಮಡಿಕೆ ಬಿಚ್ಚಿದೊಡನೆ ಗವರ್ನರರ ದನಿ ‘ಈ ನೂರು ರೂಪಾಯಿಗೆ ನಾನು ಜವಾಬ್ದಾರ’ ಎನ್ನಬೇಕು. ಅಂದರಷ್ಟೇ ಮೀನು ಬುಟ್ಟಿ ಬಿಟ್ಟು ಏಳುತ್ತದೆ.

ಹಳೆಯ ಸರ್ಕಾರ ಹೋದಾಗ ಹೊಸ ಗವರ್ನರ್ ಇನ್ನೂ ಹಡಗಿನಲ್ಲಿದ್ದರು, ನೋಟಿಗೆ ಗಂಟಲಿರಲಿಲ್ಲ. ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡುವ ನನ್ನನ್ನು ಖಜಾನೆಯವರು ಕರೆದೊಯ್ದರು. ‘ರೇಡಿಯೊದಲ್ಲಿ ಕೇಳಿದ್ದೀಯಲ್ಲ, ಅವರಂತೆ ಹೇಳು. ಬಂದಮೇಲೆ ಸಾಹೇಬರು ಒಪ್ಪಿಕೊಳ್ಳುತ್ತಾರೆ’ ಎಂದರು. ಹೇಳಿದೆ.

ನಿನ್ನೆ ಸಾಹೇಬರು ಹಡಗಿನಿಂದ ಇಳಿದರು. ‘ಅದು ನನ್ನ ಮಾತಲ್ಲ’ ಎಂದು ಆ ನೋಟುಗಳನ್ನೆಲ್ಲ ರದ್ದು ಮಾಡಿದರು.

ಇವತ್ತು ಸಂತೆಯಲ್ಲಿ ಒಣಮೀನಿನ ಗುಲಾಬಕ್ಕ ನನ್ನನ್ನು ತಡೆದು ನಿಲ್ಲಿಸಿದರು. ಗಂಡನ ದೋಣಿ ಮಾರಿದ ಹಣವಷ್ಟೂ ಅವರ ಬಳಿ ಆ ನೋಟಿನಲ್ಲೇ ಇತ್ತು. ಒಂದನ್ನು ಬಿಚ್ಚಿದರು. ಗವರ್ನರರ ಗತ್ತಿನಲ್ಲಿ ‘ನಾನು ಜವಾಬ್ದಾರ’ ಎಂದ ನೋಟು ಕೊನೆಗೆ ಸಣ್ಣಗೆ ಕೆಮ್ಮಿತು.

‘ನಂಗೂ ಮೋಸವೇ ಅಕ್ಕ’ ಎಂದೆ. ‘ನನ್ನ ಸಂಬಳವೂ ಇದೇ ನೋಟಲ್ಲಿ ಕೊಟ್ರು. ಸಾಹೇಬರದ್ದೇ ದನಿ ಅಂತ ನೀವು ನಂಬಿದ್ರಿ, ಪಾಪ.’

‘ಸಾಹೇಬರದ್ದಾ? ಮಾತು ಮುಗಿದ ಕೂಡ್ಲೆ ಕೆಮ್ಮುವವ ಈ ಊರಲ್ಲಿ ಯಾರು ಮಾರಾಯ? ಮೊದಲ್ನೇ ದಿನವೇ ಗೊತ್ತಾಯ್ತು.’

‘ಗೊತ್ತಿದ್ದೂ ಯಾಕೆ ತಕೊಂಡ್ರಿ?’

ಗುಲಾಬಕ್ಕ ನೋಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

‘ಮುಖ ಕಾಣದ ಸಾಹೇಬನ ಮಾತಿಗೆ ಯಾರಾದ್ರೂ ದೋಣಿ ಮಾರ್ತಾರಾ ವಿಠೋಬ? ಹೇಳಿದ್ದು ನೀನು ಅಂತ ಮಾರಿದೆ.’