ಕನಕಾಂಬರದ ತೆನೆ

ರಾತ್ರಿ ಸುರಿದ ಹೂಮಳೆ ನಿಂತ ಬೆಳಗು, ಕುಂದೂರಿನ ಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ಪಾರ್ವತಮ್ಮ ಬರಿದಾದ ಮೊರ ಹಿಡಿದು ಅಂಗಳದಲ್ಲಿ ನಿಂತಿದ್ದರು. ಬಿತ್ತಲೆಂದು ಒಣಗಲಿಟ್ಟಿದ್ದ ಕನಕಾಂಬರದ ತೆನೆಗಳನ್ನು ಸಂಜೆ ಒಳಗಿಡಲು ಮರೆತಿದ್ದರು. ಹನಿ ತಾಕಿದ ತೆನೆಗಳೆಲ್ಲ ಸಿಡಿದು, ಚೆಲ್ಲಿದ ಬೀಜವನ್ನು ಕೋಳಿಗಳು ಒಂದೂ ಬಿಡದೆ ಹೆಕ್ಕಿದ್ದವು. ಹಳೆಯ ಗಿಡ ಮಾಗಿಯಲ್ಲೇ ಒಣಗಿತ್ತು. ಮದುವೆಯಲ್ಲಿ ಅವ್ವ ಮಡಿಲಕ್ಕಿಯ ಜೊತೆ ಕಟ್ಟಿಕೊಟ್ಟ ಬೀಜದ ತಳಿಯದು. ಮೂವತ್ತು ವರ್ಷ ಸೋಮವಾರ ತಪ್ಪದೆ ಶಿವನ ಮುಡಿಗೇರಿದ ಹೂವು. “ನನ್ ಕೈಯಲ್ಲೇ ಮುಗಿದೋಯ್ತಲ್ಲೋ ತಂದೆ,” ಎಂದರು ಶಿವನಿಗೆ.

“ಕಳ್ಳಿ ಬಂದೌಳೆ ಕಣತ್ತೆ, ಕೋಲು ತಗೊಳ್ಳಿ.”

ಬೇಲಿಯಾಚೆ ಮನೆಯ ಶಿವಲೀಲಾ. ಹೋದ ವರ್ಷ ಕೇಳದೆ ಎರಡು ತೆನೆ ಮುರಿದುಕೊಂಡಳೆಂದು ಪಾರ್ವತಮ್ಮ ಬೀದಿಗೆಲ್ಲ ಕೇಳುವಂತೆ ಬೈದಿದ್ದರು. ಅಂದಿನಿಂದ ಮಾತಿರಲಿಲ್ಲ.

“ಕೋಲ್ಯಾಕೆ, ನನ್ ನಾಲಿಗೆ ಸಾಕಾಗಿತ್ತಲ್ಲ,” ಎಂದರು ಪಾರ್ವತಮ್ಮ, ಮುಖವೆತ್ತದೆ.

ಶಿವಲೀಲಾ ಸೆರಗಿನೊಳಗೆ ಬಚ್ಚಿಟ್ಟು ತಂದಿದ್ದ, ಅಂದು ಮುರಿದ ತೆನೆಯ ಬೀಜದಿಂದಲೇ ಬೆಳೆದ ಗಿಡದ ಎರಡು ಒಣ ತೆನೆಗಳನ್ನು ಅವರ ಅಂಗೈಯಲ್ಲಿಟ್ಟು, ಬೇಲಿಯ ಒದ್ದೆ ಎಲೆಯೊಂದನ್ನು ಮೇಲೆ ಕೊಡವಿದಳು. ಚಟ್ ಚಟ್ ಎಂದು ತೆನೆಗಳು ಸಿಡಿಯತೊಡಗಿದಾಗ, ಒಂದು ಬೀಜವೂ ಹಾರದಂತೆ ತನ್ನೆರಡು ಕೈಗಳನ್ನು ಆ ಅಂಗೈಯ ಮೇಲೆ ಮುಚ್ಚಿ ಹಿಡಿದಳು.