ಎರಡನೆಯ ಜಡೆ

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆಂದು ರಮಾಬಾಯಿ ಸಿಕ್ಕು ಬಿಡಿಸುತ್ತಿದ್ದಾಗ ಬಾಗಿಲ ಚಿಲಕ ಅಲುಗಿತು. ಹಾಲಿನವನಾದರೆ ಬಡಿಯುತ್ತಾನೆ, ಕಾಲೇಜಿನವರಾದರೆ ಕೂಗುತ್ತಾರೆ. ಹೀಗೆ ಮೆಲ್ಲಗೆ ಚಿಲಕ ಅಲುಗಿಸುವವಳು ಜಲಜಾಕ್ಷಿ ಒಬ್ಬಳೇ.

ಬಾಚಣಿಗೆ ಕೈತಪ್ಪಿ ಬಿತ್ತು.

"ನೇರಮಾಚ್ಚು, ಅಮ್ಮಾ," ಎಂದು, ಹೊತ್ತಾಯಿತೆಂದು, ವಿನೋದಾ ರಾಗ ತೆಗೆದಳು. ಎಂಟು ವರ್ಷದ ಹುಡುಗಿ. ಕನ್ನಡದಲ್ಲಿ ಏನು ಹೇಳಿದರೂ ಉತ್ತರ ಶಾಲೆಯ ತಮಿಳಿನಲ್ಲೇ.

ತಿರುವಲ್ಲಿಕ್ಕೇಣಿಯ ಆ ಮನೆಯ ಮುಂಗೋಣೆಯಲ್ಲಿ ಬೆಳಗಿನಿಂದಲೇ ಸಭೆ. ರಮಾಬಾಯಿಯ ಗಂಡ ಮಧ್ವರಾಜರು ಲಾ ಕಾಲೇಜಿನಲ್ಲಿ ಲೆಕ್ಚರರು. ಹಿಂದೂ ಕಾನೂನನ್ನು ತಿದ್ದುವ ಮಸೂದೆಗಳ ಪರವಾಗಿ ಊರೂರು ಸುತ್ತಿ ಮಾತಾಡಿದ್ದರು. ಸಂಜೆ ಮನವಿ ಹಿಡಿದು ದೆಹಲಿಯ ರೈಲು ಹತ್ತಬೇಕು.

"ಮಗ ಎಂದಿರುವಲ್ಲಿ ಮಗಳೂ ಇರಬೇಕು. ಇದೊಂದನ್ನು ನಾನು ಬಿಡೋದಿಲ್ಲ," ಎನ್ನುತ್ತಿದ್ದರು.

"ಉಳಿದದ್ದಕ್ಕೆಲ್ಲ ರಾಜಿ, ಇದಕ್ಕೆ ಮಾತ್ರ ಹಟ," ಎಂದು ಜೊತೆಯ ಲೆಕ್ಚರರು ವಿಷ್ಣುಮೂರ್ತಿ ನಕ್ಕರು. "ಅತ್ತಿಗೆಯ ತವರಿನ ಆಸ್ತಿ ಮೇಲೆ ರಾಯರಿಗೆ ಕಣ್ಣು ಅಂತ ಮಠದ ಬೀದಿಯಲ್ಲಿ ಆಡಿಕೊಳ್ತಾರೆ."

ಮಧ್ವರಾಜರು ನಗಲಿಲ್ಲ.

ಜಲಜಾಕ್ಷಿ ಒಳಗೆ ಬಂದಳು. ಸೌಕಾರ್‌ಪೇಟೆಯ ಹೋಟೆಲಿನಲ್ಲಿ ದೋಸೆ ಹುಯ್ಯುವ ಮೋನಪ್ಪನ ಹೆಂಡತಿ. ಸೊಂಟದಲ್ಲಿ ಮೂರು ಹೆಣ್ಣಿನ ಮೇಲೆ ಹುಟ್ಟಿದ ಗಂಡುಕೂಸು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಗುಂಗುರು ಕೂದಲು ಬೆವರಿಗೆ ಹಣೆಗಂಟಿತ್ತು. ಚೆಂದದ ಹೆಂಗಸು. ಹಪ್ಪಳ ಬರೀ ನೆಪ. ಅವಳು ಒಂದು ದಿನ ಏನು ಕೇಳಿಯಾಳೆಂದು ರಮಾಬಾಯಿಗೆ ಗೊತ್ತಿತ್ತು. ಕೇಳಿ ಪಡೆದುಬಿಟ್ಟರೆ ಈ ಮನೆಯಲ್ಲಿ ತನಗೆ ಉಳಿಯುವುದು ಗೋಡೆಗಳು ಮಾತ್ರ.

ಮಧ್ವರಾಜರು ಸ್ನೇಹಿತರನ್ನು ಬಿಟ್ಟೆದ್ದು ಅವಳನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದರು. ದನಿ ತಗ್ಗಿಸಿದರೂ ನಡುಮನೆಗೆ ಎಲ್ಲ ಕೇಳುತ್ತಿತ್ತು.

"ನಾವು ಊರಿಗೇ ಹೋಗುವುದು, ರಾಯರೇ," ಎಂದಳು ಜಲಜಾಕ್ಷಿ. "ಅವತ್ತು ಕಷ್ಟಕ್ಕೆ ಒಪ್ಪಿದ್ದು, ಈಗ ಎಂತ ಕಷ್ಟ ಅಂತ ಇವರು ಕೇಳ್ತಾರೆ."

"ನೀನೇನಂತೀಯ?"

"ನನಗೆ ದೇವರ ಮುಂದೆ ಆದದ್ದು ಸಾಕು. ಆದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ? ಇವರಿಗೂ ಗೊತ್ತುಂಟು."

ರಮಾಬಾಯಿ ಬಿಚ್ಚಿದ ಕೂದಲನ್ನು ಮುಷ್ಟಿಯಲ್ಲಿ ಹಿಡಿದಳು. ಊರಿಗೆಲ್ಲ ಕಾನೂನು ಹೇಳುವ ಮನುಷ್ಯ, ಕಾನೂನು ಒಪ್ಪುವುದಿಲ್ಲವೆಂದು ತಿಳಿದೂ ಅಂದು ಹೋಮದ ಮುಂದೆ ಕೂತಿದ್ದರು.

"ಮಸೂದೆ ಪಾಸಾಗಲಿ," ಎಂದರು ಮಧ್ವರಾಜರು. "ಎಲ್ಲರ ಎದುರಿಗೇ ಇನ್ನೊಮ್ಮೆ ಹೋಮ ಮಾಡೋಣ. ಅಲ್ಲೀತನಕ ಮೋನಪ್ಪನನ್ನು ತಡಿ."

"ಸಂಕ್ರಾಂತಿವರೆಗೆ ತಡೆದೇನು. ಆಮೇಲೆ ನನ್ನಿಂದ ಆಗಲಿಕ್ಕಿಲ್ಲ."

ಹೋಗುವಾಗ ಜಲಜಾಕ್ಷಿ ನಡುಮನೆಯಲ್ಲಿ ನಿಂತಳು. ಬಗ್ಗಿ ಬಾಚಣಿಗೆ ಎತ್ತಿ, ಸೆರಗಿನಲ್ಲಿ ಒರೆಸಿ, ರಮಾಬಾಯಿಯ ಕೈಗೆ ಕೊಟ್ಟಳು.

"ಇಂಥ ಕೂದಲನ್ನು ತುದಿಯಿಂದ ಬಿಡಿಸಬೇಕು, ರಮಕ್ಕ. ಆಗ ನೋಯುವುದಿಲ್ಲ."

ಅಷ್ಟೇ. ಚಿಲಕ ಮತ್ತೆ ಮೆಲ್ಲಗೆ ಅಲುಗಿತು.

ರಮಾಬಾಯಿ ಎರಡನೆಯ ಜಡೆಗೆ ಕೈ ಹಾಕಿದಳು. ಮೂರು ಎಳೆ ಹಿಡಿದರೆ ಒಂದು ಜಾರುತ್ತಿತ್ತು. ಬಿಚ್ಚಿ ಮತ್ತೆ ಹಿಡಿದಳು. ಮುಂಗೋಣೆಯಲ್ಲಿ ಯಾರೋ ಮನವಿಯನ್ನು ಗಟ್ಟಿಯಾಗಿ ಓದತೊಡಗಿದ್ದರು.

ವಿನೋದಾ ತಿರುಗಿ ಕೂತಳು. ಅಮ್ಮನ ಮುಖವನ್ನೇ ನೋಡುತ್ತ, ಅಂದು ಮೊದಲ ಬಾರಿಗೆ ತಾನಾಗಿ ಕನ್ನಡದಲ್ಲಿ ಕೇಳಿದಳು:

"ಅಪ್ಪನ ಕಾನೂನು ಬಂದ್ರೆ ಹೆಣ್ಣುಮಗೂನೂ ದತ್ತು ತಗೋಬಹುದಂತೆ. ಆಮೇಲೆ ಜಲಜಕ್ಕ ನನ್ನನ್ನ ವಾಪಸ್ ಕೇಳೋ ಹಾಗಿಲ್ಲ, ಅಲ್ವಾ ಅಮ್ಮಾ?"